ಯಜಮಾನರ ಗೊರಕೆ

ಮಂದಿರದಲ್ಲಿ ಪ್ರತಿ ಸೋಮವಾರ ಸಂಜೆ ಕಾವ್ಯವಾಚನ ಮಾಡಿಸುವ ಯಜಮಾನರು ತಿಮ್ಮರಸಯ್ಯನವರು. ಆರು ವರ್ಷದಿಂದ ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು, ಹತ್ತನೆಯ ಪದ್ಯಕ್ಕೇ ಗೊರಕೆ ಹೊಡೆಯುತ್ತಿದ್ದರು. ಕಣ್ಣು ಬಿಡುವಷ್ಟರಲ್ಲಿ ಗಮಕಿಗಳು ಮಂಗಳ ಹಾಡುತ್ತಿರುತ್ತಿದ್ದರು. ಬದುಕಿರುವಾಗಲೇ ಒಂದು ಸಂಜೆಯ ಕಥೆಯನ್ನಾದರೂ ಪೂರ್ತಿ ಕೇಳಬೇಕೆಂಬುದು ಅವರ ಆಸೆ.

ರಾತ್ರಿ ನಿದ್ದೆಯಲ್ಲಿ ಉಸಿರು ನಿಂತು ನಿಂತು ಹೋಗುತ್ತಿದೆ, ಅದಕ್ಕೇ ಸಂಜೆ ತೂಕಡಿಕೆ ಎಂದು ಡಾಕ್ಟರು ಮಲಗಿದಾಗ ಮಾಸ್ಕಿನಿಂದ ಮೂಗಿಗೆ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಬರೆದುಕೊಟ್ಟರು. ಮಾಸ್ಕ್ ಕಟ್ಟಿಕೊಂಡ ಮೊದಲ ರಾತ್ರಿಯೇ ಅವರು ಗಾಬರಿಯಿಂದ ಎದ್ದು ಕೂತರು.

“ಬೇಡ ಕಣೇ ಇದು! ಮೂಗಿಗೆ ತಿದಿ ಒತ್ತಿದ ಹಾಗಿದೆ.”

“ಕಥೆ ಪೂರ್ತಿ ಕೇಳ್ಬೇಕೋ ಬೇಡ್ವೋ ನಿಮಗೆ?” ಎನ್ನುತ್ತ ಹೆಂಡತಿ ಪಟ್ಟಿ ಬಿಗಿದರು.

ಮೂರು ವಾರ ಮೂಗಿನ ಮೇಲೆ ಕೆಂಪು ಬರೆ ಬಿತ್ತು. ನಾಲ್ಕನೆಯ ವಾರ ಯಂತ್ರ ಒಗ್ಗಿ, ಬೆಳಗಿನವರೆಗೆ ಸೊಗಸಾದ ನಿದ್ದೆ ಬಂತು. ಆ ಸೋಮವಾರ ಯಜಮಾನರು ಕಣ್ಣರಳಿಸಿಕೊಂಡು ಕೂತರು. ಹತ್ತು ಪದ್ಯವಾಯಿತು, ಇಪ್ಪತ್ತಾಯಿತು. ಹಿಂದಿನ ಸಾಲಿನವರು ಬಾಗಿಲ ಕಡೆ ನೋಡತೊಡಗಿದರು. ಮೂವತ್ತನೆಯ ಪದ್ಯಕ್ಕೆ ಗಮಕಿಗಳು ತಡವರಿಸಿ ನಿಂತೇಬಿಟ್ಟರು.

“ಯಾಕ್ ಸ್ವಾಮಿ ನಿಲ್ಲಿಸಿದ್ರಿ? ಓದಿ ಓದಿ, ನಂಗಿವತ್ತು ನಿದ್ದೆನೇ ಇಲ್ಲ!”

ಗಮಕಿಗಳು ಕೈಮುಗಿದರು.

“ಯಜಮಾನ್ರೇ, ಮುಂದಿನದನ್ನ ನಾನೂ ಓದಿಕೊಂಡು ಬಂದಿಲ್ಲ. ಆರು ವರ್ಷದಿಂದ ನಿಮ್ಮ ಗೊರಕೆ ಶುರುವಾದ ಕೂಡ್ಲೇ ನಾವೆಲ್ಲ ಎದ್ದು ಹೋಟೆಲಿಗೆ ಹೋಗಿ, ಕಾಫಿ ಮುಗಿಸ್ಕೊಂಡು ಮಂಗಳ ಹಾಡೋಕೆ ವಾಪಸ್ ಬರ್ತಿದ್ವಿ.”