ತುಪ್ಪದ ಡಬ್ಬಿಗೆ ಮೂರು ಗಂಟು

ಬಾಣಲೆಯಲ್ಲಿ ಬೆಂಡೆಕಾಯಿ ಚುರ್ರೆನ್ನುತ್ತಿದ್ದಂತೆಯೇ ಅತ್ತೆಯ ಕೈ ತುಪ್ಪದ ಡಬ್ಬಿಯತ್ತ ಹೋಯಿತು. ಪಕ್ಕದಲ್ಲಿ ನಿಂಬೆಹಣ್ಣು ಹೆಚ್ಚುತ್ತಿದ್ದ ಸೊಸೆ ಉಸಿರು ಬಿಗಿಹಿಡಿದಳು. ಬೇಡ ಅನ್ನಲು ಬಾಯಿ ಬರಲಿಲ್ಲ. ಟೊಮೆಟೊ, ಮೆಕ್ಕೆಜೋಳ, ಹಸಿಮೆಣಸಿನಕಾಯಿ ಸೇರಿಸುವ ಈ ಮೆಕ್ಸಿಕನ್ ಪಲ್ಯಕ್ಕೆ ಅತ್ತೆ ಮೊಬೈಲ್ ನೋಡಿಕೊಂಡು ಕೈಹಾಕಿದ್ದೇ ಅವಳಿಗಾಗಿ.

ಮದುವೆಯಾಗಿ ಬಂದ ದಿನ ಅವಳು, "ನಾನು ವೀಗನ್ ಅತ್ತೆ, ಹಾಲು ತುಪ್ಪ ಏನೂ ಮುಟ್ಟಲ್ಲ," ಅಂದಿದ್ದಳು. ಕಿವಿ ಸ್ವಲ್ಪ ಮಂದವಾದ ಅತ್ತೆ, "ಬೀಗರಾ? ಬೀಗರು ನಿಮ್ಮಪ್ಪ ಕಣೇ, ನೀನು ಸೊಸೆ!" ಎಂದು ಮನೆಯವರನ್ನೆಲ್ಲ ನಗಿಸಿದ್ದರು. ಅವರಿಗೆ ಅರ್ಥವಾಗಲೇ ಇಲ್ಲವೆಂದು ಸೊಸೆ ಅಂದುಕೊಂಡಿದ್ದಳು.

ಡಬ್ಬಿ ಮುಟ್ಟಿದ ಕೈ ತಟ್ಟನೆ ನಿಂತಿತು. ಮುಚ್ಚಳ ತೆಗೆಯಲಾಗದಂತೆ ಹಳೆ ಸೀರೆಯ ಅಂಚನ್ನು ಹರಿದು ಕಟ್ಟಲಾಗಿತ್ತು. ಒಂದಲ್ಲ, ಮೂರು ಗಂಟು. ಅತ್ತೆ ನಾಲಿಗೆ ಕಚ್ಚಿಕೊಂಡು ಎಣ್ಣೆ ಬಾಟಲಿ ಎತ್ತಿಕೊಂಡರು.

"ಇದನ್ನ ಯಾರು ಕಟ್ಟಿದ್ದು ಅತ್ತೆ?"

"ನಾನೇ ಕಣೇ, ಬೆಳಿಗ್ಗೆ. ನಲವತ್ತು ವರ್ಷದ ಅಭ್ಯಾಸ, ಈ ಕೈ ನನ್ನ ಮಾತೇ ಕೇಳಲ್ಲ."

ಥ್ಯಾಂಕ್ಸ್ ಅನ್ನೋಣವೆಂದರೆ ಸೊಸೆಗೆ ಆ ಮಾತು ತೀರಾ ಚಿಕ್ಕದೆನಿಸಿತು. ಹೆಚ್ಚಿದ ನಿಂಬೆಹೋಳನ್ನು ಮುಂದಕ್ಕೆ ಹಿಡಿದಳು.

ಅದನ್ನು ಪಲ್ಯಕ್ಕೆ ಹಿಂಡುತ್ತಾ ಅತ್ತೆ ಓರೆಗಣ್ಣಲ್ಲಿ ನೋಡಿ ನಕ್ಕರು. "ಮನೇಲಿ ಬೀಗರಿರೋವಾಗ ಹುಷಾರಾಗಿರಬೇಡ್ವಾ?"