ಬಸ್ ಪಾರ್ಟಿ

ಹಗ್ಗ ಬಿಗಿದು ನಿಂತ ಹೊತ್ತಿಗೇ ಶಾಲೆಯ ಗೇಟಿನಾಚೆ ಹುಲಿಕುಂಟೆ ಬಸ್ಸು ಹಾರ್ನ್ ಹೊಡೆಯಿತು. ಗಂಗಾಂಬಿಕಾ ಅತ್ತ ತಿರುಗಿ ನೋಡಿದಳು. ಅವಳೂರಿಗೆ ಅದೇ ಕೊನೆಯ ಬಸ್ಸು. ಆದರೆ ಜಯಮಂಗಲಿ ಹೌಸಿನ ಎಂಟು ಹುಡುಗಿಯರಲ್ಲಿ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಂತವಳು ಅವಳೇ. ಹಗ್ಗಜಗ್ಗಾಟದ ಕೊನೆಯ ಸುತ್ತು ಇದು. ಗೆದ್ದ ಹೌಸಿಗೆ ಈ ವರ್ಷದ ಶೀಲ್ಡು.

ಅವಳ ಮುಂದೆಯೇ ಹೌಸ್ ಕ್ಯಾಪ್ಟನ್ ಶ್ರೀಲತಾಳ ಬೆನ್ನು. ಆರನೆಯ ತರಗತಿಯಿಂದ ಹಾಸ್ಟೆಲ್ಲಿನಲ್ಲೇ ಬೆಳೆದ ಶ್ರೀಲತಾ, ದಿನವೂ ಮನೆಯಿಂದ ಬಂದು ಹೋಗುವವರಿಗೆಲ್ಲ 'ಬಸ್ ಪಾರ್ಟಿ' ಎಂದು ಹೆಸರಿಟ್ಟಿದ್ದಳು. ಬೆಳಿಗ್ಗೆ ಪಿ.ಟಿ. ಮೇಷ್ಟ್ರು ಗಂಗಾಂಬಿಕಾಳನ್ನು ಟೀಮಿಗೆ ಸೇರಿಸಿದಾಗ ಎಲ್ಲರೆದುರೇ ಅಂದಿದ್ದಳು: "ಹಾರ್ನ್ ಕೇಳುದ್ರೆ ಇವ್ರಿಗೆ ಹೌಸೂ ಇಲ್ಲ, ಗೀಸೂ ಇಲ್ಲ ಸಾರ್."

ಮತ್ತೊಂದು ಹಾರ್ನ್. ಕಂಡಕ್ಟರ್ ಬಾಗಿಲಲ್ಲಿ ನಿಂತು ಕೈಬೀಸಿ ಕರೆಯುತ್ತಿದ್ದ. ಗಂಗಾಂಬಿಕಾಳ ಹಿಮ್ಮಡಿ ಜಾರಿತು. ಇಡೀ ಸಾಲು ಒಂದು ಗೇಣು ಮುಂದಕ್ಕೆ ಮುಗ್ಗರಿಸಿತು. ಅವಳು ಬೈಗುಳಕ್ಕೆ ಕಾದಳು.

"ಲೇ ಗಂಗಾ," ಶ್ರೀಲತಾ ತಿರುಗಿ ನೋಡದೆ, ಏದುಸಿರಿನಲ್ಲೇ ಅಂದಳು. "ನನ್ ಮಂಚ ಅಗಲ ಐತೆ ಕಣೆ, ಇಬ್ರೂ ಮಲಗ್‌ಬೋದು. ನಿಮ್ಮವ್ವಂಗೆ ವಾರ್ಡನ್ ಫೋನಿಂದ ನಾನೇ ಹೇಳ್ತೀನಿ. ಬುಡಬ್ಯಾಡ."

ಹಾಸ್ಟೆಲ್ಲಿನ ಮಂಚದಲ್ಲಿ ಒಬ್ಬಳು ಮಗ್ಗುಲು ಬದಲಿಸುವುದೇ ಕಷ್ಟ ಎಂಬುದು ಗಂಗಾಂಬಿಕಾಳಿಗೂ ಗೊತ್ತಿತ್ತು. ಅವಳು ಎರಡೂ ಹಿಮ್ಮಡಿಗಳನ್ನು ಮಣ್ಣಿಗೆ ಊರಿ ಹಿಂದಕ್ಕೆ ವಾಲಿದಳು. ಬಸ್ಸು ಹೊರಟ ಸದ್ದು ಕೇಳಿದಾಗ, ಹಗ್ಗ ಜಯಮಂಗಲಿ ಹುಡುಗಿಯರ ಕಡೆಗೆ ಸರಿಯತೊಡಗಿತ್ತು.