ಕಳ್ಳಿಲ್ಲದ ಸಾನ್ನಾ

ಬಿರಡೆ ಹಾರಿ ಗೋಡೆಯ ಮೇಲಿದ್ದ ಯೇಸುವಿನ ಪಟದ ಚೌಕಟ್ಟಿಗೆ ಠಣ್ಣೆಂದು ಬಡಿದು, ಅಲ್ಲಿಂದ ಜಿಗಿದು ನೇರ ಅಪೊಲೋನಿಯಾಬಾಯಿಯ ಮಡಿಲಿಗೆ ಬಿತ್ತು. ಬಾಟಲಿಯಿಂದ ನೊರೆ ಬುಸುಗುಟ್ಟುತ್ತ ಮೇಜಿನ ಮೇಲೆಲ್ಲ ಹರಿಯಿತು. ಅದರ ಬಾಯಿ ಮುಚ್ಚಲು ಹೋದ ಯೂಸ್ಟೇಸ್ ಅಂಗಿ ಸಮೇತ ತೊಯ್ದು ತೊಪ್ಪೆಯಾದ. ಅವನು ಮದುವೆಯಾಗಬೇಕೆಂದಿದ್ದ ಹುಡುಗಿ ನೆಲ್ಲಿ, ಸೆರಗನ್ನು ಬಾಯಿಗೆ ತುರುಕಿಕೊಂಡು ನಗು ತಡೆಯುತ್ತಿದ್ದಳು.

"ಇದೆಂತ, ಹಬ್ಬಕ್ಕೆ ಸಿಡಿಸುವ ಕದೋನಿಯಾ?" ಎಂದರು ನೆಲ್ಲಿಯ ತಾಯಿ ಅಪೊಲೋನಿಯಾಬಾಯಿ.

"ಹುಳಿನೀರು, ಮಾಂಯ್. ವಾಸನೆ ಹೊರಗೆ ಹೋಗುವುದು ಬೇಡ ಅಂತ ಮೇಣ ಹಾಕಿ ಬಿಗಿ ಮಾಡಿದ್ದೆ. ಒಳಗೆ ಗ್ಯಾಸ್ ಜೋರಾಯ್ತು."

"ನಾನು ಇನ್ನೂ ನಿನ್ನ ಅತ್ತೆ ಆಗ್ಲಿಲ್ಲ. ಮಾಂಯ್ ಗೀಯ್ ಎಲ್ಲ ಬೇಡ."

ಜಿಲ್ಲೆ ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಿದ್ದರೂ ಪಾನನಿರೋಧ ಮಾತ್ರ ತೊಲಗಿರಲಿಲ್ಲ. ಕಳ್ಳು ಹಾಕದೆ, ಇಡ್ಲಿಯಂತೆ ಆವಿಯಲ್ಲಿ ಬೇಯುವ ಸಾನ್ನಾದ ಅಕ್ಕಿಹಿಟ್ಟು ಉಬ್ಬುವುದಿಲ್ಲ. ಕಳ್ಳು ತಂದರೆ ಜೈಲು. ಹಿರಿಮಗಳ ಮದುವೆಯಲ್ಲಿ ಹಂದಿಮಾಂಸದ ಸಾರಿಗೆ ಇಡ್ಲಿ ಬಡಿಸಿ ಬೀಗರೆದುರು ತಲೆ ತಗ್ಗಿಸಿದ್ದ ಅಪೊಲೋನಿಯಾಬಾಯಿ, ಸಾನ್ನಾ ಇಲ್ಲದೆ ಕಿರಿಮಗಳ ಮದುವೆಯೇ ಇಲ್ಲವೆಂದು ಪಟ್ಟು ಹಿಡಿದು ಕೂತಿದ್ದರು. "ಕಳ್ಳಿಲ್ಲದೆ ಅದೇ ರುಚಿ ಬಂದರೆ?" ಎಂದು ಯೂಸ್ಟೇಸ್ ಕೇಳಿದ್ದ. "ನನ್ನ ನಾಲಿಗೆಗೆ ವ್ಯತ್ಯಾಸ ಗೊತ್ತಾಗಬಾರದು. ಗೊತ್ತಾಯ್ತೋ, ನೀನು ಬೇರೆ ಮನೆ ನೋಡಿಕೋ," ಎಂದಿದ್ದರು ಅವರು.

ಪ್ರೀತಿಯಲ್ಲಿ ಬಿದ್ದ ಇಂಜಿನಿಯರ್ ಏನು ಮಾಡುತ್ತಾನೆ? ಪೆಟ್ಟಿಗೆ ಮಾಡುತ್ತಾನೆ. ಪಾಲಿಟೆಕ್ನಿಕ್ಕಿನಲ್ಲಿ ಯಂತ್ರಗಳ ಪಾಠ ಹೇಳುತ್ತಿದ್ದ ಯೂಸ್ಟೇಸ್ ಮರದ ಪೆಟ್ಟಿಗೆಯೊಳಗೆ ಒಂದು ಬಲ್ಬು ಇಟ್ಟು, ಬಿಸಿ ಹೆಚ್ಚಾದರೆ ಅದು ತಾನಾಗಿ ಆರುವಂತೆ ಲೋಹದ ಪಟ್ಟಿ ಜೋಡಿಸಿ, ಅದರೊಳಗೆ ಎಳನೀರು, ಸಕ್ಕರೆ ಮತ್ತು ಬೇಕರಿಯವನನ್ನು ಕಾಡಿ ಬೇಡಿ ತಂದ ಯೀಸ್ಟನ್ನು ಹುಳಿಯಲು ಬಿಟ್ಟ. ಮೊದಲ ಪ್ರಯೋಗದ ಸಾನ್ನಾಗಳಿಂದ ಕೇರಂ ಆಡಬಹುದಿತ್ತು. ಮುಂದಿನವು ಪಾತ್ರೆಯ ಮುಚ್ಚಳವನ್ನು ಹೊತ್ತುಕೊಂಡು ಹೊರಗೆ ಬಂದವು. ಎಳನೀರಿನ ಹದ, ಬಿಸಿಯ ಹದ ಎಲ್ಲ ತಿದ್ದಿ ತಿದ್ದಿ ಅವನು ಕಣ್ಣು ಕೆಂಪು ಮಾಡಿಕೊಂಡ. ಇವತ್ತು ಬಿಜೈಯ ಅಪೊಲೋನಿಯಾಬಾಯಿಯವರ ಈ ಅಡುಗೆಮನೆಯಲ್ಲಿ ಬೇಯುತ್ತಿದ್ದುದೇ ಅವನ ಕೊನೆಯ ಆಸೆ.

"ಬಾಯಮ್ಮಾ, ಇಲ್ಲಿ ಕೋವಿ ಹೊಡೆದ ಹಾಗೆ ಕೇಳಿತು."

ಬಾಗಿಲಲ್ಲಿ ಪಾನನಿರೋಧದ ಪೇದೆ ಗುಣಪಾಲ ಸೈಕಲ್ ಹಿಡಿದುಕೊಂಡು ನಿಂತಿದ್ದ. ಅವನ ಮೂಗು ಆಗಲೇ ಒಳಗೆ ಬಂದಾಗಿತ್ತು. ಹಿಂದೆಯೇ ಅವನೂ ಬಂದು ನೊರೆಯನ್ನೊಮ್ಮೆ, ಯೂಸ್ಟೇಸನ ಅಂಗಿಯನ್ನೊಮ್ಮೆ ನೋಡಿದ.

"ಇದು ಬರೀ ಎಳನೀರು," ಎಂದ ಯೂಸ್ಟೇಸ್.

"ಎಳನೀರು ಹೀಗೆ ಬಿರಡೆ ಹಾರಿಸುವುದನ್ನು ನಾನು ನೋಡ್ಲಿಲ್ಲ ಮಾರಾಯ್ರೆ." ಗುಣಪಾಲ ತಲೆ ಕೆರೆದುಕೊಂಡ. "ನೋಡಿ, ನಾನು ಹುಟ್ಟಿದ ಮೇಲೆ ಕಳ್ಳು ಬಾಯಿಗೆ ಮುಟ್ಟಿಸಿದವನಲ್ಲ, ನನಗೆ ಅದರ ರುಚಿ ಗೊತ್ತಿಲ್ಲ. ಬಾಯಮ್ಮ ಸುಳ್ಳು ಹೇಳುವವರಲ್ಲ, ಅದು ಇಡೀ ಬಿಜೈಗೆ ಗೊತ್ತುಂಟು. ಅವರೇ ಹೇಳಲಿ. ಕಳ್ಳು ಅಂದರೆ ಇವರನ್ನು ಸ್ಟೇಶನ್ನಿಗೆ ಕರ್ಕೊಂಡು ಹೋಗ್ತೇನೆ. ಅಲ್ಲ ಅಂದರೆ ನನ್ನ ದಾರಿ ನನಗೆ."

"ನಾನು ಕುಡಿದವಳಲ್ಲ. ತಿಂದು ಗೊತ್ತುಂಟು," ಎಂದು ಅಪೊಲೋನಿಯಾಬಾಯಿ ಒಲೆಯ ಕಡೆ ತಿರುಗಿದರು. "ನೆಲ್ಲಿ, ಒಂದು ಸಾನ್ನಾ ತಾ."

ಯೂಸ್ಟೇಸ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ರುಚಿ ಕಳ್ಳಿನದೇ ಎಂದರೆ ಹುಡುಗಿ ಸಿಗುತ್ತಾಳೆ, ಆದರೆ ಅವನು ಜೈಲಿನಲ್ಲಿರುತ್ತಾನೆ. ಅಲ್ಲ ಎಂದರೆ ಮನೆಗೆ ಹೋಗಬಹುದು, ಆದರೆ ಒಬ್ಬನೇ ಹೋಗಬೇಕು. ಸಂತ ಅಂತೋನಿಯನ್ನು ನೆನೆದನೇನೋ ಹೌದು. ಏನು ಬೇಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ನೆಲ್ಲಿಯ ನಗುವೂ ನಿಂತುಹೋಗಿತ್ತು.

ಬೆಳ್ಳಗೆ ಉಬ್ಬಿ ಆವಿಯಾಡುತ್ತಿದ್ದ ಸಾನ್ನಾವನ್ನು ಅಪೊಲೋನಿಯಾಬಾಯಿ ಮುರಿದು ಬಾಯಿಗಿಟ್ಟರು. ಕಣ್ಣು ಮುಚ್ಚಿ ನಿಧಾನವಾಗಿ ಅಗಿದರು. ಮುಚ್ಚಿದ ಕಣ್ಣಿನ ಅಂಚಿನಲ್ಲಿ ನೀರು ಕಾಣಿಸಿತು. ಅದು ಆವಿಗೋ ಬೇರೆ ಯಾವುದಕ್ಕೋ ಯೂಸ್ಟೇಸನಿಗೆ ಗೊತ್ತಾಗಲಿಲ್ಲ.

"ಥೂ," ಎಂದರು ಅವರು ಕಣ್ಣು ತೆರೆದು. "ಇದು ಕಳ್ಳಾ? ಕಳ್ಳಿನ ಗಾಳಿಯೂ ತಾಗ್ಲಿಲ್ಲ ಇದಕ್ಕೆ. ಬರೀ ಸಪ್ಪೆ."

ಗುಣಪಾಲನ ಮುಖ ಅರಳಿತು. "ಹಾಗಾದರೆ ನಾನೂ ತಿನ್ನಬಹುದಲ್ಲ?" ಎಂದು ಒಂದು ತಿಂದ, ಇನ್ನೊಂದು ತಿಂದ, ಮನೆಯವಳಿಗೆಂದು ಬಾಳೆ ಎಲೆಯಲ್ಲಿ ಕಟ್ಟಿಸಿಕೊಂಡ. "ಇಷ್ಟು ಒಳ್ಳೆಯ ಸಪ್ಪೆ ನಾನು ತಿಂದದ್ದೇ ಇಲ್ಲ ಬಾಯಮ್ಮ," ಎಂದು ಸೈಕಲ್ ಹತ್ತಿ ಹೋದ.

ಯೂಸ್ಟೇಸ್ ತಲೆ ತಗ್ಗಿಸಿ ಬಾಟಲಿಗಳನ್ನು ಚೀಲಕ್ಕೆ ತುಂಬತೊಡಗಿದ. ಇಷ್ಟು ದಿನ ನಿದ್ದೆಗೆಟ್ಟದ್ದೆಲ್ಲ ನೀರಿನಲ್ಲಿ ಹೋಮವಾಯಿತಲ್ಲ ಎಂದು ಅವನಿಗೆ ಅಳುವೇ ಬಂದಿತ್ತು.

"ಎಲ್ಲಿಗೆ?" ಎಂದು ಕೇಳಿದರು ಅಪೊಲೋನಿಯಾಬಾಯಿ.

"ಮನೆಗೆ, ಬಾಯಮ್ಮ. ನೀವು ಹೇಳಿದಿರಲ್ಲ."

ಸೈಕಲ್ ಗಂಟೆಯ ಸದ್ದು ತಿರುವಿನಾಚೆ ಅಡಗುವವರೆಗೆ ಅವರು ಕಿವಿಗೊಟ್ಟು ನಿಂತರು. ಆಮೇಲೆ ಬಾಗಿಲು ಹಾಕಿ, ಚಿಲಕ ಜಡಿದು, ಇನ್ನೊಂದು ಸಾನ್ನಾ ಕೈಗೆತ್ತಿಕೊಂಡರು.

"ಶನಿವಾರ ಇಗರ್ಜಿಗೆ ಹೋಗಿ ಪಾಪ ಒಪ್ಪಿಕೊಳ್ಳಬೇಕು, ಪೊಲೀಸನಿಗೆ ಸುಳ್ಳು ಹೇಳಿದ್ದೇನೆ," ಎಂದರು ಬಾಯಿ ತುಂಬಿಕೊಂಡೇ. "ನೀನೂ ಬಾ. ಮದುವೆಯ ದಿನವನ್ನೂ ಪಾದ್ರಿಗಳ ಹತ್ತಿರ ಒಟ್ಟಿಗೇ ಕೇಳಿಕೊಂಡು ಬರುವ."